ಮಣ್ಣಿನಲ್ಲಿ ಮೂಡಿದ ಊರು

ಕಳೆದ ವರ್ಷದ ಮಳೆಗಾಲದ ಆರಂಭದಲ್ಲಿ ನಮ್ಮ ಹತ್ತು ವರ್ಷದ ಮೊಮ್ಮಗಳು ಶಾಲೆಯಿಂದ ಒಂದು ಚೀಟಿಯನ್ನು ತಂದು ನಮ್ಮ ಮುಂದಿಟ್ಟಳು. ‘ನಮ್ಮ ಹಿರಿಯರ ಊರು’ ಎಂಬ ವಿಷಯದ ಮೇಲೆ ಪ್ರತಿಯೊಂದು ಮಗುವೂ ಒಂದು ಮಾದರಿಯನ್ನು ತಯಾರಿಸಿ ಆರು ವಾರಗಳೊಳಗೆ ತರತಕ್ಕದ್ದೆಂದು ಅದರಲ್ಲಿ ಬರೆದಿತ್ತು. ಮಗ, ಸೊಸೆ ಇಬ್ಬರೂ ಉದ್ಯೋಗಸ್ಥರು. ಇಂದಿರಾನಗರದ ಈ ಮನೆಯಲ್ಲಿ ಹಗಲೆಲ್ಲ ಇರುವವರು ನಾವು ಮತ್ತು ನಮ್ಮ ಮನೆಯವರು ಮಾತ್ರ. ಆದುದರಿಂದ ಆ ಕೆಲಸ ಸಹಜವಾಗಿಯೇ ನಮ್ಮ ಪಾಲಿಗೆ ಬಂದಿತು. “ಅಜ್ಜಾ, ನಿಮ್ಮ ಊರನ್ನೇ ಮಾಡೋಣ” ಎಂದಿತು ಮಗು. ನಮ್ಮ ಊರು ಈಗ ಇಲ್ಲವಮ್ಮಾ, ಅದು ನೀರಿನ ಕೆಳಗಿದೆ ಎಂದೆವು. “ಹಾಗಾದರೆ ಅದನ್ನೇ ಮಾಡಬೇಕು” ಎಂದು ಅವಳು ತೀರ್ಮಾನ ಹೇಳಿಬಿಟ್ಟಳು.

ಬಾಗಲಕೋಟೆಯ ಸೀಮೆಯ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಘಟಪ್ರಭೆಯ ದಂಡೆಯ ಮೇಲಿದ್ದ ಸಣ್ಣ ಹಳ್ಳಿ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಾಗ ನಮಗೆ ಐದು ವರ್ಷ. ಅಣೆಕಟ್ಟು ಪೂರ್ಣಗೊಂಡು ನೀರು 519.6 ಮೀಟರ್ ಮಟ್ಟಕ್ಕೆ ನಿಲ್ಲುವಂತಾಗುವಷ್ಟರಲ್ಲಿ ನಾಲ್ಕು ದಶಕಗಳು ಉರುಳಿದ್ದವು. ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಹಳೆಯ ಬಾಗಲಕೋಟೆಯ ಭಾಗಗಳನ್ನೂ ಸುತ್ತಲಿನ ಹಳ್ಳಿಗಳನ್ನೂ ಆವರಿಸಿತು. ಪಟ್ಟಣದವರಿಗೆ ನವನಗರ ಎದ್ದಿತು. ಹಳ್ಳಿಗರಿಗೆ ಪುನರ್ವಸತಿ ಕೇಂದ್ರಗಳಾದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆಯೆತ್ತಿ ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಅದನ್ನು ಉಳಿಸಿಕೊಂಡದ್ದನ್ನು ನೀವೆಲ್ಲ ಕಂಡಿದ್ದೀರಿ. ಪ್ರತಿಯೊಂದು ಊರಿಗೂ ಆ ಭಾಗ್ಯ ಸಾಧ್ಯವಿರಲಿಲ್ಲ. ಆ ನೀರಿನಿಂದ ಬಯಲುಸೀಮೆಯ ಎಷ್ಟೋ ಹೊಲಗಳು ಹಸಿರಾದುದನ್ನು ನಾವು ಅಲ್ಲಗಳೆಯುವುದಿಲ್ಲ. ಊರು ಮಾತ್ರ ಹೋಯಿತು.

ಕೆಲಸಕ್ಕೆ ಕೈಹಾಕಿದ ಮೊದಲ ದಿನವೇ ನಾವು ಎಡವಿದೆವು. ಮಗನು ಅಂಗಡಿಯಿಂದ ‘ಏರ್ ಡ್ರೈ ಕ್ಲೇ’ ಎಂದು ಮಾರುವ ಬಿಳಿಯ ಮಣ್ಣಿನ ನಾಲ್ಕು ಪೊಟ್ಟಣಗಳನ್ನು ತಂದುಕೊಟ್ಟನು. ಇದಕ್ಕೆ ಆವಿಗೆ ಬೇಡ, ಬೆಂಕಿ ಬೇಡ. ಗಾಳಿಯಲ್ಲಿ ತಾನಾಗಿ ಒಣಗಿ ಗಟ್ಟಿಯಾಗುತ್ತದೆ. ಇಂತಹ ಮಣ್ಣುಗಳಲ್ಲಿ ಬಹುಮಟ್ಟಿಗೆ ನಾರನ್ನೂ ಅಂಟನ್ನೂ ಸೇರಿಸಿರುತ್ತಾರೆ. ಪೊಟ್ಟಣ ಒಡೆದ ಗಳಿಗೆಯಿಂದಲೇ ಒಣಗತೊಡಗುವುದರಿಂದ ಉಳಿದುದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಇಷ್ಟೆಲ್ಲ ವಿಚಾರ ನಮಗೆ ಆಗ ತಿಳಿದಿರಲಿಲ್ಲ. ಹಳೆಯ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಹಾಸಿ, ಊರಿನ ಹಿಂದಿನ ಗುಡ್ಡವನ್ನು ನಾಲ್ಕು ಬೆರಳು ದಪ್ಪದ ಒಂದೇ ಮುದ್ದೆಯಾಗಿ ಬಡಿದು ಕೂರಿಸಿ, ಬೇಗ ಒಣಗಲೆಂದು ಮಹಡಿಯ ಮೇಲಿನ ಬಿಸಿಲಿಗಿಟ್ಟೆವು. ಮೂರನೆಯ ದಿನ ನೋಡಿದರೆ ಗುಡ್ಡ ಮೂರು ಕಡೆ ಸೀಳಿತ್ತು. ರಟ್ಟಿನ ಅಂಚುಗಳು ದೋಣಿಯಂತೆ ಮೇಲಕ್ಕೆ ಬಾಗಿದ್ದವು. ಮಗುವಿನ ಕಣ್ಣಿನಲ್ಲಿ ನೀರು ತುಂಬಿತು.

ಮಗನು, “ಪ್ಲಾಸ್ಟರ್ ಆಫ್ ಪ್ಯಾರಿಸ್ ತರುತ್ತೇನೆ, ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ” ಎಂದನು. ನಮ್ಮ ಮನೆಯವರು ಅಡಿಗೆಮನೆಯಿಂದಲೇ, “ಮಣ್ಣಿನ ಕೆಲಸವನ್ನು ಮಣ್ಣಿನವರನ್ನು ಕೇಳಬಾರದೇ?” ಎಂದರು. ಆ ಮಾತು ನಮ್ಮ ಮನಸ್ಸಿಗೆ ನಾಟಿತು. ಅದಕ್ಕೊಂದು ಕಾರಣವುಂಟು. ಬಾಲ್ಯದಲ್ಲಿ ಮಠವನ್ನು ಸೇರಿ, ಅಲ್ಲಿಯೇ ಓದಿ, ಮುಂದೆ ಮೂವತ್ತು ವರ್ಷಗಳ ಕಾಲ ವಚನ ಸಾಹಿತ್ಯವನ್ನು ಪಾಠ ಹೇಳಿದವರು ನಾವು. ಕುಂಬಾರ ಗುಂಡಯ್ಯನವರ ಪುಣ್ಯಸ್ತ್ರೀ ಕೇತಲದೇವಿಯವರು ಮಣ್ಣಿನ ಹದದ ಮಾತಿನಿಂದಲೇ ತಮ್ಮ ವಚನವನ್ನು ಆರಂಭಿಸಿದ್ದಾರೆ. ಅದನ್ನು ಎಷ್ಟು ತರಗತಿಗಳಿಗೆ ವಿವರಿಸಿದ್ದೇವೋ ಲೆಕ್ಕವಿಲ್ಲ. ಆದರೆ ಹದ ಎಂದರೇನೆಂಬುದು ನಮ್ಮ ನಾಲಗೆಗೆ ತಿಳಿದಿತ್ತೇ ಹೊರತು ಕೈಗೆ ತಿಳಿದಿರಲಿಲ್ಲ.

ಮರುದಿನ ಮಗುವನ್ನು ಕರೆದುಕೊಂಡು ಆಟೋದಲ್ಲಿ ಹೊರಟೆವು. ಹಲಸೂರು ಕೆರೆಯನ್ನು ಬಳಸಿ, ದಂಡುಪ್ರದೇಶದ ಹಳೆಯ ಬೀದಿಗಳನ್ನು ಹಾದು, ಪಾಟರಿ ಟೌನಿಗೆ ಬಂದೆವು. ಬೆನ್ಸನ್ ಟೌನು, ಫ್ರೇಜರ್ ಟೌನುಗಳ ನಡುವೆ ಇರುವ ಈ ಕುಂಬಾರರ ಬೀದಿಗಳ ಹೆಸರನ್ನು ಈಗ ಮೆಟ್ರೋ ನಿಲ್ದಾಣವೊಂದಕ್ಕೂ ಇಟ್ಟಿದ್ದಾರೆ. ಗಣೇಶನ ಹಬ್ಬ ಇನ್ನೂ ಎರಡು ತಿಂಗಳಿದ್ದರೂ ಮನೆಗಳ ಮುಂದೆ, ಮಾಡಿನ ಕೆಳಗೆ, ಓಣಿಯ ಅಂಚಿನಲ್ಲಿ ಸುಡದ ಮಣ್ಣಿನ ಮೂರ್ತಿಗಳು ಸಾಲಾಗಿ ಒಣಗುತ್ತಿದ್ದವು. ಒಂದನ್ನೂ ಬಿಸಿಲಿಗಿಟ್ಟಿರಲಿಲ್ಲ. ನಮ್ಮ ತಪ್ಪು ಅಲ್ಲಿ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದಿತು.

ತಮಿಳು ಬೆರೆತ ಕನ್ನಡದಲ್ಲಿ ಮಾತನಾಡುತ್ತಿದ್ದ ವೃದ್ಧೆಯೊಬ್ಬರು ನಮ್ಮ ಕಥೆಯನ್ನೆಲ್ಲ ಕೇಳಿ ನಕ್ಕರು. ಒಡೆದ ಗುಡ್ಡದ ತುಂಡೊಂದನ್ನು ಚೀಲದಲ್ಲಿ ತಂದಿದ್ದೆವು. ಅದನ್ನು ತಿರುವಿ ನೋಡಿ, “ಮೇಲೆ ಒಣಗಿದೆ, ಒಳಗೆ ಹಸಿ ಇದೆ, ಜಗಳ ಆಡದೆ ಏನು ಮಾಡುತ್ತದೆ ಸ್ವಾಮಿ?” ಎಂದರು. ವಿಜ್ಞಾನದ ಪುಸ್ತಕ ಹೇಳುವುದೂ ಇದನ್ನೇ. ಜೇಡಿಯ ಕಣಗಳು ಅತಿ ಸೂಕ್ಷ್ಮವಾದ ಬಿಲ್ಲೆಗಳಂತಿದ್ದು, ಒಂದಕ್ಕೂ ಇನ್ನೊಂದಕ್ಕೂ ನಡುವೆ ನೀರಿನ ತೆಳುವಾದ ಪೊರೆಯಿರುತ್ತದೆ. ಆ ನೀರು ಹೋದಂತೆ ಕಣಗಳು ಹತ್ತಿರಕ್ಕೆ ಸರಿದು ಮಣ್ಣು ಕುಗ್ಗುತ್ತದೆ. ಸಾಮಾನ್ಯ ಜೇಡಿಯು ನೂರಕ್ಕೆ ಐದರಿಂದ ಹತ್ತು ಪಾಲಿನಷ್ಟು ಕುಗ್ಗುವುದುಂಟು. ಹೊರಮೈ ಬಿಸಿಲಿಗೆ ಬೇಗ ಒಣಗಿ ಕುಗ್ಗಿದಾಗ ಹಸಿಯಾದ ಒಳಮೈ ಕುಗ್ಗಲೊಲ್ಲದು. ಕೆಳಗಿನ ಹಲಗೆಯಂತೂ ಕುಗ್ಗುವುದೇ ಇಲ್ಲ. ಈ ಎಳೆದಾಟದಲ್ಲಿ ಮಣ್ಣು ಸೀಳುತ್ತದೆ.

ಪ್ಲಾಸ್ಟರಿನ ಮಾತನ್ನು ಎತ್ತಿದಾಗ ಆ ತಾಯಿ ತಲೆಯಾಡಿಸಿದರು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರಲ್ಲಿ ಪ್ಲಾಸ್ಟರಿನ ಗಣೇಶ ಮೂರ್ತಿಗಳನ್ನು ಕೆರೆಗಳಲ್ಲಿ ವಿಸರ್ಜಿಸುವುದನ್ನು ನಿಷೇಧಿಸಿದ್ದು ಓದುಗರಿಗೆ ತಿಳಿದಿರಬಹುದು. ಪ್ಲಾಸ್ಟರು ಸುಟ್ಟ ಜಿಪ್ಸಂನ ಪುಡಿ. ಅದು ನೀರನ್ನು ತನ್ನೊಳಗೆ ಹಿಡಿದುಕೊಂಡು ಕಲ್ಲಾಗುತ್ತದೆ. ಆಮೇಲೆ ನೀರಿನಲ್ಲಿ ನೆನೆಸಿದರೂ ಮೊದಲಿನಂತಾಗದು. ಮಣ್ಣು ನೀರನ್ನು ಬಿಟ್ಟುಕೊಟ್ಟು ಗಟ್ಟಿಯಾಗುತ್ತದೆ. ಸುಡದಿದ್ದರೆ ನೀರು ಸೋಕಿದೊಡನೆ ಮತ್ತೆ ಮಣ್ಣೇ ಆಗುತ್ತದೆ. “ತಪ್ಪಾದರೆ ನೆನೆಸಿ, ಮತ್ತೆ ಮಾಡಿ. ಆದರೆ ಒಂದು ತಿಳಿದುಕೊಳ್ಳಿ. ಅರೆಬರೆ ಒಣಗಿದ್ದು ಬೇಗ ಕರಗುವುದಿಲ್ಲ. ಪೂರಾ ಒಣಗಿದ್ದನ್ನು ನೀರಿಗೆ ಹಾಕಿ, ಗಳಿಗೆಯಲ್ಲಿ ಬಿಡುತ್ತದೆ” ಎಂದರು. ಮಗು ಅಲ್ಲಿಯೇ ಎರಡು ಚೂರುಗಳನ್ನು ನೀರಿನ ಬೋಗುಣಿಯಲ್ಲಿ ಹಾಕಿ ಪರೀಕ್ಷಿಸಿತು. ಅವರು ಹೇಳಿದಂತೆಯೇ ಆಯಿತು. ಹೊರಡುವಾಗ ಕಲಸಿದ ಜೇಡಿಯ ದೊಡ್ಡ ಮುದ್ದೆಯೊಂದನ್ನು ಅಲ್ಪ ಬೆಲೆಗೆ ಕಟ್ಟಿಕೊಟ್ಟರು. ಮೊದಲು ಸುತ್ತಲ ಕೆರೆಗಳದೇ ಮಣ್ಣು ಸಿಗುತ್ತಿತ್ತು, ಈಗ ದೂರದಿಂದ ಲಾರಿಯಲ್ಲಿ ಬರಬೇಕು ಎಂದು ನಿಟ್ಟುಸಿರಿಟ್ಟರು.

ಎರಡನೆಯ ಸಲ ನಾವು ಆತುರಪಡಲಿಲ್ಲ. ನಮ್ಮಂತೆ ಮೊಮ್ಮಕ್ಕಳೊಡನೆ ಈ ಕೆಲಸಕ್ಕೆ ಕೂಡಬಹುದಾದ ಹಿರಿಯರಿಗೆ ಉಪಯೋಗವಾದೀತೆಂದು ಕ್ರಮವನ್ನು ಬರೆಯುತ್ತೇವೆ. ರಟ್ಟಿನ ಬದಲು ಮೂರು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಹಲಗೆಯನ್ನು ತೆಗೆದುಕೊಂಡು, ಅದು ತೇವ ಹೀರದಂತೆ ಎರಡು ಸಲ ಬಣ್ಣ ಬಳಿದೆವು. ಒಂದು ಅಂಗುಲಕ್ಕೆ ಇಪ್ಪತ್ತು ಅಡಿಯ ಲೆಕ್ಕ ಹಿಡಿದುದರಿಂದ ನಲವತ್ತು ಅಡಿಯ ಮನೆ ಎರಡು ಅಂಗುಲವಾಯಿತು. ಗುಡ್ಡವನ್ನು ಘನವಾಗಿ ಮಾಡಲಿಲ್ಲ. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ತಂದ ತಂತಿಯ ಬಲೆಯನ್ನು ಗುಡ್ಡದ ಆಕಾರಕ್ಕೆ ಬಗ್ಗಿಸಿ, ಒಳಗೆ ಹಳೆಯ ಪತ್ರಿಕೆಗಳನ್ನು ಮುದುರಿ ತುಂಬಿ, ಮೇಲೆ ಗಂಜಿಯಲ್ಲಿ ಅದ್ದಿದ ತೆಳು ಬಟ್ಟೆಯನ್ನು ಹೊದಿಸಿದೆವು. ಜೇಡಿಗೆ ನೆನೆಸಿ ಅರೆದ ಕಾಗದದ ತಿರುಳನ್ನು ನಾಲ್ಕನೆಯ ಒಂದು ಪಾಲು ಬೆರೆಸಿ ನಾದಿದೆವು. ಹಳ್ಳಿಗಳಲ್ಲಿ ಗೋಡೆಯ ಮಣ್ಣಿಗೆ ಹೊಟ್ಟು ಬೆರೆಸುವುದು ಇದೇ ಕಾರಣಕ್ಕೆ; ನಾರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಈ ಮಣ್ಣನ್ನು ಅರ್ಧ ಬೆರಳಿಗಿಂತ ದಪ್ಪವಿಲ್ಲದಂತೆ ಹಚ್ಚಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ನೆರಳಿನಲ್ಲಿ ಒಣಗಿಸಿದೆವು. ಮಳೆಗಾಲದ ತೇವದ ಗಾಳಿ ಇದಕ್ಕೆ ಸಹಾಯವೇ ಆಯಿತು. ಎರಡನೆಯ ಪದರವನ್ನು ಹಚ್ಚುವ ಮುನ್ನ ಮೊದಲನೆಯದನ್ನು ಗೀರಿ, ನೀರು ಚಿಮುಕಿಸಿ, ಅದೇ ಮಣ್ಣಿನ ಗಸಿಯನ್ನು ಬಳಿಯಬೇಕು. ಇಲ್ಲದಿದ್ದರೆ ಪದರಗಳು ಬೇರೆಬೇರೆಯಾಗುತ್ತವೆ. ಕೂದಲೆಳೆಯ ಬಿರುಕುಗಳು ಬಂದರೆ ಅದೇ ಗಸಿಯನ್ನು ಕುಂಚದಿಂದ ತುಂಬಬೇಕು. ಬಂಡೆಯ ಮೈಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒತ್ತಿ ತರಬಹುದು. ಕೃಷ್ಣರಾಜಪುರದ ಕಡೆಯ ಮರದ ಮಿಲ್ಲಿನಿಂದ ತಂದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಒಣಗಿಸಿದರೆ ಹುಲ್ಲಾಗುತ್ತದೆ. ನದಿಗೆ ನಿಜವಾದ ನೀರನ್ನು ತುಂಬುವ ಆಸೆ ಮಕ್ಕಳಿಗೆ ಬರುತ್ತದೆ. ಸುಡದ ಮಣ್ಣಿನಲ್ಲಿ ಅದು ಸಲ್ಲದು. ಬಣ್ಣದ ಮೇಲೆ ಎರಡು ಮೂರು ಸಲ ವಾರ್ನಿಷ್ ಬಳಿದರೆ ಸಾಕು.

ಗುಡ್ಡವಾಯಿತು, ನದಿಯ ಪಾತ್ರವಾಯಿತು. ಮಾಳಿಗೆಯ ಮನೆಗಳನ್ನು ಮಗು ತಾನೇ ಸಣ್ಣ ಪೆಟ್ಟಿಗೆಗಳಂತೆ ಮಾಡಿ ಒಣಗಿಸಿತು. ಹನುಮಪ್ಪನ ಗುಡಿ, ಊರಿನ ಮಠ, ಬೇವಿನ ಕಟ್ಟೆ ಎಲ್ಲ ಸಿದ್ಧವಾದವು. ಆಗ ಮಗು ಕೇಳಿತು: “ಅಜ್ಜಾ, ಬಾವಿ ಎಲ್ಲಿತ್ತು?”

ನಾವು ಸುಮ್ಮನಾದೆವು. ಬಾವಿಯ ಮೆಟ್ಟಿಲು, ಅದರ ಹಸಿರು ನೀರು, ಪಾರಿವಾಳಗಳ ಸದ್ದು ಎಲ್ಲ ನೆನಪಿನಲ್ಲಿದ್ದವು. ಅದು ಮಠದ ಮುಂದಿತ್ತೋ ಹಿಂದಿತ್ತೋ ಎಂಬುದು ಮಾತ್ರ ಹೊಳೆಯಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಊರನ್ನು ಬಿಟ್ಟವರು ನಾವು. ಆಮೇಲೆ ರಜೆಗೆ ಬಂದು ಹೋಗುವ ಅತಿಥಿಗಳಷ್ಟೇ. ಊರಿನಲ್ಲಿ ಬಾಳಿದವನು, ಹೊಲ ಉತ್ತವನು, ತಂದೆತಾಯಿಯರನ್ನು ಕೊನೆಯವರೆಗೆ ನೋಡಿಕೊಂಡವನು ನಮ್ಮ ಅಣ್ಣ. ಅವನನ್ನು ಕೇಳಬೇಕು. ಆದರೆ ಅವನೊಡನೆ ನಾವು ಮನಸ್ಸು ಬಿಚ್ಚಿ ಮಾತನಾಡಿ ಇಪ್ಪತ್ತು ವರ್ಷಗಳ ಮೇಲಾಗಿತ್ತು.

ಈ ಪತ್ರಿಕೆ ಕುಟುಂಬದವರೆಲ್ಲ ಓದುವಂಥದು, ಮುಚ್ಚಿಟ್ಟು ಪ್ರಯೋಜನವಿಲ್ಲ. ಹೊಲ ಮನೆಗಳಿಗೆ ಪರಿಹಾರದ ಹಣ ಬಂದಾಗ ನಾವು ನಮ್ಮ ಸಮಪಾಲನ್ನು ಕೇಳಿದೆವು. ಕೇಳಿದ್ದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಆದರೆ ಸಂಬಳ ಬರುತ್ತಿದ್ದವರು ನಾವು. ಹೊಲವನ್ನು ಕಳೆದುಕೊಂಡವನು ಅವನು. ಅಷ್ಟಕ್ಕೇ ನಿಲ್ಲದೆ, ಹಿಂದಿನ ವರ್ಷಗಳ ಬೆಳೆಯ ಲೆಕ್ಕವನ್ನೂ ಬಂಧುಗಳ ಎದುರಿನಲ್ಲಿ ಕೇಳಿದೆವು. ಅಣ್ಣನು ಒಂದು ಮಾತನ್ನೂ ಆಡದೆ ಹಣವನ್ನು ಎಣಿಸಿಕೊಟ್ಟನು. ಅಂದಿನಿಂದ ಮದುವೆ ಮುಂಜಿಗಳಲ್ಲಿ ‘ಆರಾಮ ಇದ್ದೀರೇನು’ ಎಂಬ ಮಾತಿಗಿಂತ ಹೆಚ್ಚಿನದು ನಮ್ಮ ನಡುವೆ ನಡೆದಿರಲಿಲ್ಲ. ತಮ್ಮನನ್ನು ಬಹುವಚನದಲ್ಲಿ ಕರೆಯತೊಡಗಿದ್ದನು ಅವನು.

ಮಗುವೇ ದೂರವಾಣಿಯ ಸಂಖ್ಯೆಯನ್ನು ಒತ್ತಿ ನಮ್ಮ ಕೈಗೆ ಕೊಟ್ಟಿತು. ಬಾವಿಯ ವಿಷಯ ಕೇಳಿದೆವು. ಆ ಕಡೆ ಬಹಳ ಹೊತ್ತು ಮೌನ. ಬಳಿಕ ಅಣ್ಣ ಹೇಳಿದ: “ಮಠದ ಹಿಂದ, ಪಡುವಣ ದಿಕ್ಕಿಗೆ ಇತ್ತು. ಮರತಿಯೇನು? ಮಠಕ್ಕ ಓದಾಕ ಹೋಗೋ ದಿನ ಅದರ ಕಟ್ಟಿ ಮ್ಯಾಲೆ ಕುಂತು ಅತ್ತಿದ್ದಿ. ನಾನs ಕೈ ಹಿಡದು ಎಬ್ಬಿಸಿದ್ದೆ.” ‘ಮರತಿಯೇನು’ ಎಂದನು, ಏಕವಚನದಲ್ಲಿ. ನಮಗೆ ಉತ್ತರ ಕೊಡಲಾಗಲಿಲ್ಲ. “ಒಮ್ಮೆ ಬಂದು ನೋಡಿ ಹೋಗು” ಎಂದಷ್ಟೇ ಹೇಳಿದೆವು.

ಹತ್ತು ದಿನಗಳ ಬಳಿಕ ಅಣ್ಣ ರಾತ್ರಿಯ ಬಸ್ಸಿನಲ್ಲಿ ಬಂದನು. ಎಪ್ಪತ್ತು ದಾಟಿದ ದೇಹ. ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ಇಂದಿರಾನಗರಕ್ಕೆ ಕರೆತಂದೆವು. ಕೈಯಲ್ಲಿ ಒಂದು ಭಾರವಾದ ಗಂಟು. ಬಿಚ್ಚಿದರೆ ಎರೆಮಣ್ಣು. “ಊರು ಮಾಡ್ತೀರಿ ಅಂದ್ರ ಊರ ಸೀಮಿ ಮಣ್ಣು ಬ್ಯಾಡೇನು?” ಎಂದನು. ಮುಳುಗದೆ ಉಳಿದ ದಿಬ್ಬದ ಹೊಲದಿಂದ ಅಗೆದು ತಂದಿದ್ದನು.

ಮಾದರಿಯ ಮುಂದೆ ಕುಳಿತು ಬಹಳ ಹೊತ್ತು ನೋಡಿದನು. ಬಳಿಕ ಒಂದೊಂದಾಗಿ ತಪ್ಪುಗಳನ್ನು ತೋರಿಸಿದನು. ಅಗಸಿಯ ಬಾಗಿಲು ಇಷ್ಟು ಅಗಲವಿರಲಿಲ್ಲ. ಬೇವಿನ ಕಟ್ಟೆ ಇನ್ನೂ ನದಿಯ ಕಡೆಗೆ. ನಮ್ಮ ಮನೆಯ ಬಾಗಿಲು ಮೂಡಣಕ್ಕಲ್ಲ, ಬಡಗಣಕ್ಕೆ. ಇನ್ನೂ ಬಣ್ಣ ಬಳಿದಿರಲಿಲ್ಲವಾದುದರಿಂದ ತಿದ್ದಲು ಅವಕಾಶವಿತ್ತು. ಮಗು ನಮ್ಮ ಮನೆಯನ್ನು ಕಿತ್ತು ನೀರಿನ ಬೋಗುಣಿಯಲ್ಲಿಟ್ಟಿತು. ಪೂರ್ತಿ ಒಣಗಿದ್ದ ಮಣ್ಣು. ನೋಡುತ್ತಿದ್ದಂತೆ ಗುಳ್ಳೆಗಳನ್ನು ಬಿಡುತ್ತ ಅಂಚಿನಿಂದ ಸಡಿಲಗೊಂಡು ಕುಸಿಯಿತು. ಅದನ್ನೇ ಸೋಸಿ ಅಣ್ಣನ ಕೈಗೆ ಕೊಟ್ಟೆವು. ಅವನು ಮನೆಯನ್ನು ಮತ್ತೆ ಎತ್ತತೊಡಗಿದನು. ಆಗ ನಾವು, “ಅಂದು ಬಂಧುಗಳ ಮುಂದೆ ಲೆಕ್ಕ ಕೇಳಿದ್ದು ನಮ್ಮ ತಪ್ಪು ಅಣ್ಣಾ” ಎಂದೆವು. ಅವನು ತಲೆಯೆತ್ತಲಿಲ್ಲ. “ಮಣ್ಣು ಒಣಗೂದ್ರೊಳಗ ಬಾಗಲ ಕೊರಿ” ಎಂದು ಕಡ್ಡಿಯನ್ನು ನಮ್ಮ ಕೈಗಿತ್ತನು. ನಾವು ಬಾಗಿಲನ್ನು ಕೊರೆದೆವು.

ಎರೆಮಣ್ಣಿನ ಕಥೆಯನ್ನು ಹೇಳದೆ ಮುಗಿಸುವಂತಿಲ್ಲ. ಅದರಲ್ಲಿರುವ ಜೇಡಿ ನೀರು ಕುಡಿದು ಬಹಳ ಉಬ್ಬುವಂಥದು, ಒಣಗಿದರೆ ಅಷ್ಟೇ ಕುಗ್ಗುವಂಥದು. ನದಿಯ ಬದಿಯ ಹೊಲಗಳಿಗೆ ಅದನ್ನು ಹಚ್ಚಿದಾಗ ನಾವು ಎಷ್ಟು ಎಚ್ಚರ ವಹಿಸಿದರೂ ನಾಲ್ಕೇ ದಿನಗಳಲ್ಲಿ ಬಿರಿದು ಹಾಳೆಹಾಳೆಯಾಯಿತು. ಗಸಿ ತುಂಬಲು ಕುಂಚವನ್ನೆತ್ತಿದ ನಮ್ಮನ್ನು ಅಣ್ಣ ತಡೆದನು. “ಬ್ಯಾಸಗ್ಯಾಗ ನಮ್ಮ ಹೊಲ ಹಿಂಗs ಇರತಿತ್ತು. ಹಂಗs ಬಿಡು” ಎಂದನು. ಚೈತ್ರ ವೈಶಾಖಗಳಲ್ಲಿ ಎರೆಯ ಬಿರುಕಿನಲ್ಲಿ ಕಾಲು ಸಿಕ್ಕಿ ಬೀಳುತ್ತಿದ್ದುದು ನಮಗೂ ನೆನಪಾಯಿತು. ಆ ಬಿರುಕುಗಳನ್ನು ಮುಟ್ಟಲಿಲ್ಲ. ತೆಳುವಾದ ಅಂಟಿನ ನೀರನ್ನು ಮಾತ್ರ ಬಳಿದು ನಿಲ್ಲಿಸಿದೆವು. ಶಾಲೆಯಲ್ಲಿ ಇದೇಕೆ ಒಡೆದಿದೆ ಎಂದು ಕೇಳಿದರಂತೆ. “ಒಡೆದಿಲ್ಲ, ಅದು ಬೇಸಿಗೆಯ ಹೊಲ” ಎಂದು ಮಗು ಉತ್ತರ ಹೇಳಿ ಬಂದಿತು. ಬಹುಮಾನವೇನೂ ಬರಲಿಲ್ಲ. ಆ ಊರು ಈಗ ನಮ್ಮ ಪುಸ್ತಕದ ಕಪಾಟಿನ ಮೇಲಿದೆ.

ಮನೆಗಳಲ್ಲಿ ಒಣಗಿ ಹೋದ ಮಾತುಗಳು ಎಷ್ಟೋ ಇರುತ್ತವೆ. ಸುಟ್ಟು ಹೋಗಿವೆಯೆಂದು ತಿಳಿದು ನಾವು ಕೈಬಿಟ್ಟಿರುತ್ತೇವೆ. ಒಣಗಿದ್ದಕ್ಕೂ ಸುಟ್ಟದ್ದಕ್ಕೂ ಇರುವ ಅಂತರವನ್ನು ನಾವು ಅರವತ್ತು ದಾಟಿದ ಮೇಲೆ, ಕುಂಬಾರರ ಓಣಿಯ ತಾಯಿಯೊಬ್ಬರಿಂದ ಕಲಿತೆವು. ನಮಗಿಂತ ಬೇಗ ಕಲಿಯುವ ಅವಕಾಶ ಓದುಗ ಬಂಧುಗಳಿಗಿದೆ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಅಣ್ಣ ಮತ್ತೆ ಬಂದಿದ್ದನು. ಬಾಲ್ಯದಲ್ಲಿ ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಆ ಹಬ್ಬದಂದು ಹಸಿ ಮಣ್ಣಿನ ಜೋಡೆತ್ತುಗಳನ್ನು ಮಾಡಿ ಪೂಜಿಸುತ್ತಿದ್ದೆವು. ಉಳಿದಿದ್ದ ಎರೆಮಣ್ಣಿಗೆ ಪಾಟರಿ ಟೌನಿನ ಜೇಡಿಯನ್ನು ಬೆರೆಸಿ ಅಣ್ಣನು ಬೆರಳುದ್ದದ ಎರಡು ಎತ್ತುಗಳನ್ನು ಮಾಡಿದನು. ಮಗು ಜೋಳದ ಕಾಳುಗಳನ್ನು ಕಣ್ಣಾಗಿ ಒತ್ತಿತು. ಮೂರು ದಿನ ನೆರಳಿನಲ್ಲಿ ಒಣಗಿದ ಮೇಲೆ ಅವನ್ನು ಕಪಾಟಿನ ಮೇಲಿನ ಊರಿನಲ್ಲಿ, ಬಡಗಣ ಬಾಗಿಲಿನ ನಮ್ಮ ಮನೆಯ ಮುಂದೆ ನಿಲ್ಲಿಸಿದ್ದೇವೆ.